ಕಡಲಿಗೆ ಆಸರೆ ಕೊಟ್ಟ ಕೊಲ್ಲಿ: ಕಾರವಾರದಲ್ಲಿ ಕಾವ್ಯ, ಕದನ, ಕಡಲಾಮೆ

ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಜಿಲ್ಲಾ ಕೇಂದ್ರದ ಪೇಟೆ, ಸರ್ಕಾರಿ ಕಚೇರಿಗಳು, ಬಸ್ಸುಗಳ ಗದ್ದಲ. ಇನ್ನೊಂದು ಬದಿಗೆ ಗಾಳಿಮರಗಳ ತೋಪು, ಅದರಾಚೆ ಅರ್ಧಚಂದ್ರಾಕಾರವಾಗಿ ಬಾಗಿದ ವಿಶಾಲವಾದ ಮರಳಿನ ದಂಡೆ. ದಂಡೆಯ ಉತ್ತರದ ತುದಿಯಲ್ಲಿ ಕಾಳಿ ನದಿ ಅರಬ್ಬಿ ಸಮುದ್ರಕ್ಕೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ದಕ್ಷಿಣದ ತುದಿಯಲ್ಲಿ ಬೈತಖೋಲದ ಹಸಿರು ಗುಡ್ಡ ನೀರಿನೊಳಕ್ಕೆ ಚಾಚಿ ಬಂದರಿಗೆ ಗೋಡೆಯಾಗಿದೆ. ಎದುರಿನ ದಿಗಂತದಲ್ಲಿ ದ್ವೀಪಗಳು. ಅವುಗಳಲ್ಲೊಂದರ ನೆತ್ತಿಯ ಮೇಲೆ ದೀಪಸ್ತಂಭ. ಇವೆಲ್ಲದರ ನಡುವೆ, ಅಲೆಗಳಿಂದ ಅನತಿದೂರದಲ್ಲಿ, ಕ್ಷಿಪಣಿಗಳನ್ನು ಹೊತ್ತ ನಿಜವಾದ ಯುದ್ಧನೌಕೆಯೊಂದು ದಡವೇರಿ ನಿಂತಿದೆ. ಕಾರವಾರದ ರವೀಂದ್ರನಾಥ ಠಾಗೋರ್ ಕಡಲತೀರದಷ್ಟು ಅಡಕವಾಗಿ ಪ್ರಕೃತಿ, ಇತಿಹಾಸ ಮತ್ತು ಪೌರಜೀವನ ಒಂದೆಡೆ ಸೇರಿರುವ ತಾಣ ಕರ್ನಾಟಕದ ಕರಾವಳಿಯಲ್ಲಿ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಕೆರೆಯ ಏರಿಯೇ ಜಲದರ್ಶನದ ಪರಮಾವಧಿಯಾಗಿರುವ ಬೆಂಗಳೂರಿನ ಗೊಟ್ಟಿಗೆರೆ, ಜೆ.ಪಿ. ನಗರ, ಬನಶಂಕರಿಯ ಕುಟುಂಬಗಳಿಗೆ ಈ ಕಡಲು ಒಂದು ರಾತ್ರಿಯ ಪಯಣ. ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ, ನಿದ್ದೆಯಲ್ಲಿ ಸಕಲೇಶಪುರದ ಘಟ್ಟ ಇಳಿದು, ಬೆಳಗಾಗುವಾಗ ಉಡುಪಿಯಿಂದಾಚೆಯ ತೆಂಗಿನ ತೋಟಗಳನ್ನೂ ನದೀಮುಖಗಳನ್ನೂ ನೋಡುತ್ತ ಕಾರವಾರ ತಲುಪಬಹುದು. ರಸ್ತೆಯ ಹಾದಿ ಸುಮಾರು 520 ಕಿಲೋಮೀಟರ್.

ಈ ಕೊಲ್ಲಿಯ ಮಹಿಮೆಯನ್ನು ಅರಿಯಬೇಕಾದರೆ ಮೊದಲು ಅದರ ನೆಲವನ್ನು ನೋಡಬೇಕು. ಕನ್ನಡನಾಡಿನ ಕರಾವಳಿಯ ಬಹುಭಾಗದಲ್ಲಿ ಸಹ್ಯಾದ್ರಿ ಕಡಲಿನಿಂದ ದೂರ ಸರಿದು ನಿಂತಿದೆ. ಕಾರವಾರದಲ್ಲಿ ಮಾತ್ರ ಅದರ ಕವಲುಗಳು ಅಲೆಗಳವರೆಗೂ ನಡೆದುಬಂದಿವೆ. ಮುಂಗಾರಿನಲ್ಲಿ ನೈಋತ್ಯದಿಂದ ಉಕ್ಕಿಬರುವ ಸಮುದ್ರದ ರಭಸವನ್ನು ದಕ್ಷಿಣದ ಭೂಶಿರ ತಡೆಯುತ್ತದೆ. ಉಳಿದದ್ದನ್ನು ಮುಂದಿರುವ ದ್ವೀಪಗಳು ಮುರಿಯುತ್ತವೆ. ಹಾಯಿಹಡಗುಗಳ ಕಾಲದಲ್ಲಿ ಈ ಮರೆಯ ಬೆಲೆ ಅಪಾರವಾಗಿತ್ತು. ಗಾಳಿಗೆ ಮೈಯೊಡ್ಡಿದ ನೇರವಾದ ಕರಾವಳಿಯಲ್ಲಿ ಲಂಗರು ಹಾಕಲು ಜಾಗ ಹುಡುಕುತ್ತಿದ್ದ ನಾವಿಕನಿಗೆ ಕುಡಿಯುವ ನೀರು, ಕಟ್ಟಿಗೆ, ನೆಮ್ಮದಿ ಮೂರೂ ಇಲ್ಲಿ ದೊರೆಯುತ್ತಿದ್ದವು. ಕಾಳುಮೆಣಸಿನ ವರ್ತಕ, ಕೋಟೆ ಕಟ್ಟಿದ ಅರಸ, ಬಂಗಾಳದ ತರುಣ ಕವಿ, ಭಾರತೀಯ ನೌಕಾಪಡೆ, ಮೊಟ್ಟೆಯಿಡಲು ಬರುವ ಕಡಲಾಮೆ, ಮೀನಿನ ಬೆನ್ನು ಹತ್ತಿದ ಡಾಲ್ಫಿನ್: ಎಲ್ಲರನ್ನೂ ಇಲ್ಲಿಗೆ ಕರೆತಂದದ್ದು ಈ ಆಸರೆಯೇ.

ಕಾರವಾರದ ದಕ್ಷಿಣಕ್ಕಿರುವ ಅಂಜುದೀವ ದ್ವೀಪದ ಕಥೆಯಿಂದಲೇ ಆರಂಭಿಸುವುದು ಉಚಿತ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುವ ಮಾರ್ಗದಲ್ಲಿ ವಾಸ್ಕೋ ಡ ಗಾಮ ತನ್ನ ಹಡಗುಗಳ ತಳವನ್ನು ಕೆರೆದು ದುರಸ್ತಿ ಮಾಡಿಸಿಕೊಂಡದ್ದು ಇಲ್ಲಿಯೇ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದ. ಮುಂಬಯಿ ಮಹಾನಗರದ ಇತಿಹಾಸದ ಒಂದು ದಾರುಣ ಅಧ್ಯಾಯವೂ ಈ ಪುಟ್ಟ ದ್ವೀಪದಲ್ಲಿ ನಡೆಯಿತು. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ವಿವಾಹದ ಬಳುವಳಿಯಾಗಿ ಸಿಕ್ಕ ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ನೂರಾರು ಸೈನಿಕರೊಡನೆ ಬಂದ. ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಹಸ್ತಾಂತರಕ್ಕೆ ಒಪ್ಪಲಿಲ್ಲ. ಬೇರೆಲ್ಲೂ ನೆಲೆ ಸಿಗದ ದಂಡು ಅಂಜುದೀವದಲ್ಲಿ ಬೀಡುಬಿಟ್ಟಿತು. ಮಳೆ, ಜ್ವರ, ಆಹಾರದ ಕೊರತೆಗೆ ಸಿಕ್ಕಿ ಸೈನಿಕರು ಒಬ್ಬೊಬ್ಬರಾಗಿ ಮಡಿದರು; 1664ರಲ್ಲಿ ಶಿಪ್‌ಮನ್ ಕೂಡ ತೀರಿಕೊಂಡ. 1665ರಲ್ಲಿ ಅವನ ಉತ್ತರಾಧಿಕಾರಿ ಹಂಫ್ರಿ ಕುಕ್ ಮುಂಬಯಿಯ ಅಧಿಕಾರ ವಹಿಸಿಕೊಂಡಾಗ ಅವನ ಜೊತೆಗೆ ಉಳಿದಿದ್ದ ಸೈನಿಕರ ಸಂಖ್ಯೆ ನೂರರ ಆಸುಪಾಸು.

ಆ ಹೊತ್ತಿಗೆ ಇಂಗ್ಲಿಷರಿಗೆ ಕಾರವಾರ ಹೊಸ ಹೆಸರೇನೂ ಆಗಿರಲಿಲ್ಲ. ಸರ್ ವಿಲಿಯಂ ಕೋರ್ಟೀನನ ವ್ಯಾಪಾರಿ ಸಂಘ 1638ರಲ್ಲಿಯೇ ಇಲ್ಲಿ ಕೋಠಿ ತೆರೆದಿತ್ತು. ಅಂದಿನ ಕಾರವಾರ ಇಂದಿನ ಪೇಟೆಯ ಜಾಗದಲ್ಲಿರಲಿಲ್ಲ. ಕಾಳಿಯ ದಂಡೆಯಲ್ಲಿ ಒಳಗೆ, ಇಂದಿನ ಕಡವಾಡದ ಬಳಿ ಇತ್ತು. ಘಟ್ಟದ ಮೇಲಿನ ಸೋಂದೆ ಸೀಮೆಯ ಕಾಳುಮೆಣಸು, ಏಲಕ್ಕಿ, ದಾಲ್ಚಿನ್ನಿ ಎತ್ತಿನ ಹೇರುಗಳಲ್ಲಿ ಇಳಿದು ಬರುತ್ತಿದ್ದವು. ಅವುಗಳಿಗೂ ಮಿಗಿಲಾಗಿ ಹೆಸರಾದದ್ದು ಬಟ್ಟೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಪಶ್ಚಿಮ ಭಾರತದ ಅತ್ಯುತ್ತಮ ಮಸ್ಲಿನ್ ಕಾರವಾರದಿಂದ ಹೊರಡುತ್ತಿತ್ತೆಂದೂ, ಅದಕ್ಕಾಗಿ ಹುಬ್ಬಳ್ಳಿಯ ಸುತ್ತ ಐವತ್ತು ಸಾವಿರದಷ್ಟು ನೇಕಾರರು ದುಡಿಯುತ್ತಿದ್ದರೆಂದೂ ಬ್ರಿಟಿಷರ ಕಾಲದ ಗ್ಯಾಸೆಟಿಯರ್ ದಾಖಲಿಸುತ್ತದೆ. ಬಯಲುಸೀಮೆಯ ಮಗ್ಗಕ್ಕೂ ಲಂಡನ್ನಿನ ಪೇಟೆಗೂ ನಡುವಿನ ಕೊಂಡಿ ಈ ಕೊಲ್ಲಿಯಾಗಿತ್ತು. ಉತ್ತರ ಕರ್ನಾಟಕದ ಆರ್ಥಿಕ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಡಲಿಗೆ ಬೆನ್ನು ಮಾಡಿ ಕೂರುತ್ತಾರೆ. ಕಾರವಾರದ ಕೋಠಿ ಆ ಚರಿತ್ರೆಯ ಮೊದಲ ಪುಟಗಳಲ್ಲೇ ಬರಬೇಕಾದ ವಿಷಯ.

ಸಿರಿ ಇದ್ದಲ್ಲಿ ಸೈನ್ಯವೂ ಬರುತ್ತದೆ. 1665ರಲ್ಲಿ ಬಸ್ರೂರಿನ ನೌಕಾದಂಡಯಾತ್ರೆ ಮುಗಿಸಿದ ಛತ್ರಪತಿ ಶಿವಾಜಿ ಗೋಕರ್ಣದ ಮಾರ್ಗವಾಗಿ ಕಾರವಾರಕ್ಕೆ ಬಂದು ಕಪ್ಪ ವಸೂಲು ಮಾಡಿದರು. ಅದರಲ್ಲಿ ಇಂಗ್ಲಿಷ್ ಕೋಠಿಯ ಪಾಲು 112 ಪೌಂಡು. ಕಾಳಿಯ ಉತ್ತರ ದಡದ ಗುಡ್ಡದ ಮೇಲೆ ಸೋಂದೆಯ ಅರಸ ಬಸವಲಿಂಗ ತನ್ನ ತಂದೆಯ ನೆನಪಿನಲ್ಲಿ ಸದಾಶಿವಗಡವನ್ನು ಕಟ್ಟಿಸಿದ. ಆ ಕೋಟೆಯನ್ನು 1752ರಲ್ಲಿ ಪೋರ್ಚುಗೀಸರು ಗೆದ್ದರು. 1763ರಲ್ಲಿ ಹೈದರಾಲಿಯ ಸೇನೆ ವಶಪಡಿಸಿಕೊಂಡಿತು. ಇಂದು ಅಲ್ಲಿ ಉಳಿದಿರುವುದು ಪಾಳುಗೋಡೆಗಳು, ದುರ್ಗಾದೇವಿಯ ಗುಡಿ, ಜೊತೆಗೆ ನದಿಯೂ ಕಡಲೂ ಒಂದಾಗುವ ದೃಶ್ಯದ ಅತಿ ಭವ್ಯವಾದ ನೋಟ. ಕಾರವಾರಕ್ಕೆ ಬಂದವರು ಸಂಜೆಯ ಒಂದು ಗಂಟೆಯನ್ನಾದರೂ ಈ ಗುಡ್ಡಕ್ಕೆ ಮೀಸಲಿಡಬೇಕು.

ಇಂದಿನ ಪಟ್ಟಣ ಹುಟ್ಟಿದ್ದು 1862ರ ನಂತರ. ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಬೇರ್ಪಟ್ಟು ಬೊಂಬಾಯಿ ಪ್ರಾಂತಕ್ಕೆ ಸೇರಿದಾಗ ಬೆಸ್ತರ ಹಳ್ಳಿಯೊಂದು ಜಿಲ್ಲಾ ಕೇಂದ್ರವಾಯಿತು. ಅದರ ಹಿಂದೆ ಹತ್ತಿಯ ಆಸೆಯಿತ್ತು. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ, ಧಾರವಾಡದ ಹತ್ತಿಯನ್ನು ಈ ಬಂದರಿನಿಂದ ಸಾಗಿಸುವ ಯೋಜನೆ ಸಿದ್ಧವಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಕಳುಹಿಸಿಯೂಬಿಟ್ಟಿತು. ಘಟ್ಟದ ರಸ್ತೆ ಮಾತ್ರ ಹೊತ್ತಿಗೆ ಸರಿಯಾಗಿ ಆಗಲಿಲ್ಲ. 1880ರ ದಶಕದಲ್ಲಿ ರೈಲು ಘಟ್ಟವಿಳಿದದ್ದು ಗೋವೆಯ ಮರ್ಮಗೋವಾ ಬಂದರಿಗೆ. ಕಾರವಾರಕ್ಕೆ ರೈಲು ಬರಲು ಕೊಂಕಣ ರೈಲ್ವೆಯವರೆಗೆ, ಅಂದರೆ ಮತ್ತೊಂದು ಶತಮಾನ, ಕಾಯಬೇಕಾಯಿತು; ಹುಬ್ಬಳ್ಳಿ–ಅಂಕೋಲಾ ಮಾರ್ಗ ಇಂದಿಗೂ ಕಾಗದದ ಮೇಲಿದೆ. ಹೀಗಿದ್ದರೂ 1860ರ ದಶಕದ ಉತ್ಸಾಹ ಎರಡು ಶಾಶ್ವತ ಗುರುತುಗಳನ್ನು ಬಿಟ್ಟುಹೋಯಿತು. ಒಂದು, ದೇವಗಡ ದ್ವೀಪದ ಮೇಲೆ 1864ರಲ್ಲಿ ಬೆಳಗಿದ ದೀಪಸ್ತಂಭ. ಇನ್ನೊಂದು, ಗಾಳಿಮರ. ಉರುವಲಿಗೆಂದು 1868ರ ಸುಮಾರಿಗೆ ಈ ಮರಳಿನಲ್ಲಿ ನೆಟ್ಟ ಸಸಿಗಳಿಂದಲೇ ಭಾರತದ ಗಾಳಿಮರದ ನೆಡುತೋಪುಗಳ ಇತಿಹಾಸ ಆರಂಭವಾಗುತ್ತದೆ. ಇಂದು ದೇಶದ ಕರಾವಳಿಯುದ್ದಕ್ಕೂ ಮರಳನ್ನು ಹಿಡಿದು ನಿಲ್ಲಿಸಿರುವ ಈ ಸೂಜಿ ಎಲೆಯ ಮರದ ತವರು ಆಸ್ಟ್ರೇಲಿಯಾ ಮತ್ತು ಆಗ್ನೇಯ ಏಷ್ಯಾ. ಇಲ್ಲಿ ಅದಕ್ಕೆ ಮೊದಲ ಮನೆ ಕಾರವಾರ.

ಆ ತೋಪುಗಳು ಬೆಳೆದು ನಿಂತಿದ್ದ ಕಾಲಕ್ಕೆ, 1883ರಲ್ಲಿ, ಇಪ್ಪತ್ತೆರಡರ ತರುಣನೊಬ್ಬ ಈ ದಂಡೆಗೆ ಬಂದ. ಭಾರತೀಯ ಸಿವಿಲ್ ಸರ್ವಿಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಗೋರರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು; ಬಂದವನು ಅವರ ಕಿರಿಯ ತಮ್ಮ ರವೀಂದ್ರನಾಥ. ಮುಂದೆ ತಮ್ಮ ಆತ್ಮಕಥನ ‘ಜೀವನಸ್ಮೃತಿ’ಯಲ್ಲಿ ಕವಿ ಕಾರವಾರಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಬೆಟ್ಟಗಳು ಸುತ್ತುವರಿದ ಬಂದರು, ಅರ್ಧಚಂದ್ರದಂಥ ದಂಡೆ, ಗಾಳಿಮರಗಳ ಕಾಡು, ಬೆಟ್ಟಗಳ ನಡುವೆ ಹರಿದುಬರುವ ಕಾಳಿ ಎಲ್ಲವೂ ಅಲ್ಲಿವೆ. ಬೆಳದಿಂಗಳ ಒಂದು ರಾತ್ರಿ ಬಂಧುಗಳೊಡನೆ ದೋಣಿಯೇರಿ ನದಿಯ ಮೇಲ್ದಿಕ್ಕಿಗೆ ಹೋಗಿ, ಹಳೆಯ ಗಿರಿದುರ್ಗವೊಂದರ ಕೆಳಗೆ ಇಳಿದು, ಗುಡಿಸಿ ಸಾರಿಸಿದ ರೈತನ ಅಂಗಳದಲ್ಲಿ ಊಟ ಮಾಡಿ, ಹಿಂತಿರುಗುವಾಗ ದೋಣಿಯನ್ನು ಪ್ರವಾಹಕ್ಕೆ ಬಿಟ್ಟು ತೇಲಿಬಂದ ಸಂಗತಿಯನ್ನು ಅವರು ಆಪ್ತವಾಗಿ ವರ್ಣಿಸಿದ್ದಾರೆ. ಅಳಿವೆ ಮುಟ್ಟುವ ಹೊತ್ತಿಗೆ ನಡುರಾತ್ರಿಯಾಗಿ, ಅಲ್ಲಿಯೇ ಇಳಿದು ಮರಳಿನ ಮೇಲೆ ಮನೆಯವರೆಗೆ ನಡೆದರಂತೆ.

‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅವರು ಬರೆದದ್ದು ಕಾರವಾರದಲ್ಲಿ. ಲೋಕದ ಬಂಧನಗಳನ್ನೆಲ್ಲ ಕಡಿದುಕೊಂಡು ಪ್ರಕೃತಿಯನ್ನು ಜಯಿಸಹೊರಟ ಸಂನ್ಯಾಸಿಯನ್ನು ಒಬ್ಬ ಬಾಲಿಕೆಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ ಅದು. ಸೀಮಿತವಾದುದರಲ್ಲಿಯೇ ಅಸೀಮವನ್ನು ಕಾಣುವ ಆ ಭಾವ ತಮ್ಮ ಮುಂದಿನ ಬರವಣಿಗೆಗೆಲ್ಲ ಒಂದು ಪೀಠಿಕೆಯಂತಿತ್ತೆಂದು ಕವಿಯೇ ಹೇಳಿಕೊಂಡಿದ್ದಾರೆ. ಕಾರವಾರದಿಂದ ಮರಳಿದ ಸ್ವಲ್ಪ ಕಾಲದಲ್ಲಿ ಅವರ ವಿವಾಹವಾಯಿತು. ವಿಶ್ವಕವಿಯ ವಿಚಾರಜೀವನದ ಒಂದು ಮುಖ್ಯ ತಿರುವು ಕನ್ನಡದ ಕಡಲತೀರದಲ್ಲಿ ಸಂಭವಿಸಿತು ಎಂಬುದು ಶಾಲೆಯ ಪಠ್ಯಗಳಲ್ಲಿ ಸೇರಬೇಕಾದಷ್ಟು ದೊಡ್ಡ ಸಂಗತಿ. ದಂಡೆಗೆ ಅವರ ಹೆಸರಿಟ್ಟು ಕಾರವಾರ ತನ್ನ ಕೃತಜ್ಞತೆಯನ್ನು ಸಲ್ಲಿಸಿದೆ.

ಮಕ್ಕಳ ಕಣ್ಣು ಮಾತ್ರ ಮೊದಲು ಹರಿಯುವುದು ಮರಳಿನ ಮೇಲಿನ ನೌಕೆಯ ಕಡೆಗೆ. ಐಎನ್‌ಎಸ್ ಚಪಲ್ ಸೋವಿಯತ್ ನಿರ್ಮಿತ ಕ್ಷಿಪಣಿ ದೋಣಿ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತವಾಯಿತು. 2006ರಿಂದ ಇಲ್ಲಿ ವಸ್ತುಸಂಗ್ರಹಾಲಯವಾಗಿದೆ. ಉದ್ದ 38 ಮೀಟರಿಗೆ ತುಸು ಹೆಚ್ಚು, ಸಿಬ್ಬಂದಿ ಸುಮಾರು ಮೂವತ್ತು, ಬೆನ್ನಿನ ಮೇಲೆ ನಾಲ್ಕು ಕ್ಷಿಪಣಿಗಳು. ಒಳಗಿಳಿದು ನೋಡಿದರೆ ಅಷ್ಟು ಇಕ್ಕಟ್ಟಿನ ಉಕ್ಕಿನ ಕೋಣೆಗಳಲ್ಲಿ ನಾವಿಕರು ಉಣ್ಣುತ್ತಿದ್ದದ್ದು, ಮಲಗುತ್ತಿದ್ದದ್ದು, ಯುದ್ಧಕ್ಕೆ ಸಜ್ಜಾಗುತ್ತಿದ್ದದ್ದು ಅಚ್ಚರಿ ಹುಟ್ಟಿಸುತ್ತದೆ. 1971ರ ಕರಾಚಿ ದಾಳಿಯಲ್ಲಿ ಚಪಲ್ ಭಾಗವಹಿಸಿತ್ತೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. 1976ರ ನೌಕೆಗೆ ಅದು ಸಾಧ್ಯವಿಲ್ಲ. ಡಿಸೆಂಬರ್ 4ರ ಆ ರಾತ್ರಿ ಕರಾಚಿಯ ಮೇಲೆರಗಿದವು ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ದೋಣಿಗಳು. ಚಪಲ್ ಅದೇ ಕುಲದ, ಮುಂದಿನ ಪೀಳಿಗೆಯ ನೌಕೆ. ಆ ಸಾಹಸದ ನೆನಪಿಗಾಗಿಯೇ ಪ್ರತಿವರ್ಷ ಡಿಸೆಂಬರ್ 4 ನೌಕಾಪಡೆಯ ದಿನವಾಗಿದೆ.

ಚಪಲ್‌ನ ಪಕ್ಕದಲ್ಲಿ ಈಗ ಟುಪೊಲೆವ್ ಟಿಯು-142 ವಿಮಾನವೂ ಬಂದು ನಿಂತಿದೆ. ಐವತ್ತು ಮೀಟರ್ ಅಗಲದ ರೆಕ್ಕೆಗಳು, ನಾಲ್ಕು ಎಂಜಿನ್‌ಗಳು, ಪ್ರತಿ ಎಂಜಿನ್ನಿಗೆ ಒಂದಕ್ಕೊಂದು ವಿರುದ್ಧವಾಗಿ ತಿರುಗುವ ಎರಡು ಪ್ರೊಪೆಲ್ಲರ್‌ಗಳು: ಜಲಾಂತರ್ಗಾಮಿಗಳನ್ನು ಅರಸುತ್ತ 1988ರಿಂದ 2017ರವರೆಗೆ ಹಿಂದೂ ಮಹಾಸಾಗರದ ಮೇಲೆ ಹಾರಾಡಿದ ಈ ದೈತ್ಯಹಕ್ಕಿಯ ಕೆಳಗೆ ನಿಂತಾಗ ಮನುಷ್ಯನ ಅಳತೆ ಥಟ್ಟನೆ ಕಿರಿದಾಗುತ್ತದೆ. ತಮಿಳುನಾಡಿನ ಅರಕ್ಕೋಣಂ ನೆಲೆಯಿಂದ ಬಿಡಿಭಾಗಗಳಾಗಿ ತಂದು ಇಲ್ಲಿ ಮರುಜೋಡಿಸಲಾಗಿದೆ.

ಈ ವಸ್ತುಸಂಗ್ರಹಾಲಯಗಳು ಇಲ್ಲಿರುವುದಕ್ಕೆ ಕಾರಣ ಗುಡ್ಡದಾಚೆಗಿರುವ ನೌಕಾನೆಲೆ. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ನೌಕೆಗಳ ನಾವಿಕರು ಅಂಜುದೀವದ ಮೇಲೆ ಇಳಿದರು. ಅವರಲ್ಲಿ ಏಳು ಮಂದಿ ಪ್ರಾಣತೆತ್ತರು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಅರಗಾದಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು. ಬನವಾಸಿಯಿಂದ ಆಳಿದ ಕನ್ನಡದ ಮೊದಲ ರಾಜಮನೆತನದ ಹೆಸರೇ ಅದಕ್ಕೆ: ಐಎನ್‌ಎಸ್ ಕದಂಬ. ವಿಮಾನವಾಹಕ ನೌಕೆ ವಿಕ್ರಮಾದಿತ್ಯ 2014ರ ಜನವರಿಯಲ್ಲಿ ರಷ್ಯಾದಿಂದ ನೇರವಾಗಿ ಬಂದು ತಂಗಿದ್ದು ಇಲ್ಲಿ. ಅಂಜುದೀವ ಈಗ ಈ ನೆಲೆಯ ಭಾಗ, ಪ್ರವಾಸಿಗರಿಗೆ ಪ್ರವೇಶವಿಲ್ಲ. ಈ ವೈಭವಕ್ಕಾಗಿ ಅರಗಾದಿಂದ ಅಂಕೋಲೆಯವರೆಗಿನ ಕಡಲಂಚಿನ ಹಳ್ಳಿಗಳ ಸಾವಿರಾರು ಕುಟುಂಬಗಳು ತಮ್ಮ ಮನೆ, ಗದ್ದೆ, ದಂಡೆಗಳನ್ನು ಬಿಟ್ಟುಕೊಟ್ಟಿವೆ. ಅವರ ತ್ಯಾಗವನ್ನು ಯಾವ ವಸ್ತುಸಂಗ್ರಹಾಲಯವೂ ಇನ್ನೂ ತಕ್ಕಂತೆ ಹೇಳಿಲ್ಲ.

ಯುದ್ಧನೌಕೆಗೆ ಆಸರೆಯಾದ ಇದೇ ಶಾಂತಜಲ ವನ್ಯಜೀವಿಗಳಿಗೂ ಆಶ್ರಯ. ಜೋಯಿಡಾದ ಡಿಗ್ಗಿಯ ಕಾಡಿನಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಬರುವ ಕಾಳಿ ಸಿಹಿನೀರನ್ನೂ ಕಾಡಿನ ಗೊಬ್ಬರವನ್ನೂ ಕೊಲ್ಲಿಗೆ ಸುರಿಯುತ್ತದೆ. ಸಿಹಿಯೂ ಉಪ್ಪೂ ಬೆರೆಯುವಲ್ಲಿ ಮೀನು ಸಮೃದ್ಧ. ಮೀನಿದ್ದಲ್ಲಿ ಗೂನುಬೆನ್ನಿನ ಡಾಲ್ಫಿನ್. ಆಳಸಮುದ್ರವನ್ನು ಇಷ್ಟಪಡದೆ ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿಯೇ ಬಾಳುವ ಈ ಜೀವಿಗಳು ಅಳಿವೆಯ ಬಾಯಲ್ಲಿ, ಕೂರ್ಮಗಡ ದ್ವೀಪದ ಸುತ್ತ, ಸಣ್ಣ ಗುಂಪುಗಳಲ್ಲಿ ಬೆಳಗಿನ ಹೊತ್ತು ಮೇಲೆದ್ದು ಉಸಿರೆಳೆದುಕೊಳ್ಳುತ್ತವೆ. ದೋಣಿಯವರು ಎಂಜಿನ್ ತಗ್ಗಿಸಿ ದೂರದಲ್ಲಿ ನಿಂತರೆ ಅವು ತಾವಾಗಿಯೇ ಸಮೀಪಿಸುವುದುಂಟು. ಅಟ್ಟಿಸಿಕೊಂಡು ಹೋದರೆ ಮಾಯವಾಗುತ್ತವೆ. ದೋಣಿ ಹತ್ತುವ ಮೊದಲೇ ಈ ಮಾತನ್ನು ಆಡಿಕೊಳ್ಳುವುದು ಒಳ್ಳೆಯದು.

ಚಳಿಗಾಲದ ಇರುಳುಗಳಲ್ಲಿ ದೇವಬಾಗ, ಮಾಜಾಳಿಯ ದಂಡೆಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಬರುತ್ತವೆ. ಹಿಂಗಾಲುಗಳಿಂದ ಗುಳಿ ತೋಡಿ ನೂರರಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹಿಂತಿರುಗುತ್ತವೆ. ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಬೇಲಿ ಕಟ್ಟಿ ಕಾಯಲಾಗುತ್ತದೆ. ಒಂದೂವರೆ ಎರಡು ತಿಂಗಳ ಬಳಿಕ ಅಂಗೈಯಷ್ಟೂ ಇಲ್ಲದ ಮರಿಗಳು ಅಲೆಗಳತ್ತ ಓಡುತ್ತವೆ. ಆಕಾಶದಲ್ಲಿ ಬಿಳಿಹೊಟ್ಟೆಯ ಕಡಲಹದ್ದು, ಗರುಡ. ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಕಡಲಕ್ಕಿಗಳ ಹಿಂಡು. ಇಳಿತದ ವೇಳೆ ಒದ್ದೆ ಮರಳಿನ ಮೇಲೆ ಸಾಸಿವೆ, ಕಡಲೆ ಗಾತ್ರದ ಮರಳುಂಡೆಗಳ ರಂಗವಲ್ಲಿ ಕಾಣಿಸಿದರೆ ಅದು ಪುಟಾಣಿ ಏಡಿಯ ಕೆಲಸ. ಮರಳನ್ನು ಬಾಯಲ್ಲಿ ಸೋಸಿ, ಸೂಕ್ಷ್ಮ ಪಾಚಿಯನ್ನಷ್ಟೇ ತಿಂದು, ಉಳಿದುದನ್ನು ಉಂಡೆ ಮಾಡಿ ಎಸೆಯುತ್ತದೆ. ಮುಂದಿನ ಭರತ ಎಲ್ಲವನ್ನೂ ಅಳಿಸಿಹಾಕುತ್ತದೆ, ಏಡಿ ಮತ್ತೆ ತೊಡಗುತ್ತದೆ. 2020ರ ನವೆಂಬರಿನಲ್ಲಿ ಇದೇ ದಂಡೆಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದು ಊರಿಗೆ ಊರೇ ಕಡಲತೀರಕ್ಕೆ ಬಂದಿತ್ತು. ನಾಕ್ಟಿಲೂಕ ಎಂಬ ಏಕಕೋಶ ಜೀವಿ ನೀರು ಕಲಕಿದಾಗ ಹೊರಸೂಸುವ ಬೆಳಕು ಅದು.

ನದಿಯ ಅಂಚಿನಲ್ಲಿ ಕಾಂಡ್ಲಾ ಕಾಡಿದೆ. ಬಿಲ್ಲಿನಂತೆ ಬಾಗಿ ಕೆಸರಿಗಿಳಿದ ಊರುಬೇರುಗಳು, ಉಸಿರಾಡಲು ಕೆಸರಿನಿಂದ ಮೇಲೆದ್ದ ಬೇರುಗಳು, ಮರದಲ್ಲಿಯೇ ಮೊಳೆತು ಕೆಳಗೆ ಬೀಳುವ ಬೀಜಗಳು. ಮರದ ಹಲಗೆಯ ಕಾಲುದಾರಿಯಲ್ಲಿ ನಡೆಯುತ್ತ ಮೀನುಮರಿಗಳ ಈ ತೊಟ್ಟಿಲನ್ನು ಹತ್ತಿರದಿಂದ ನೋಡಬಹುದು. ನೀರಿಳಿದಾಗ ಹೆಂಗಸರು ನದಿಯಲ್ಲಿ ಬಳಚು ಹೆಕ್ಕುತ್ತಾರೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇಲ್ಲಿ ದಶಕಗಳ ಕಾಲ ಬಂಗಡೆಯ ಬದುಕನ್ನು ಅಧ್ಯಯನ ಮಾಡಿದೆ.

ಬಂಗಡೆಯೆಂದರೆ ಕಾರವಾರ. ಹಿಂದೆ ನೂರಕ್ಕೆ ಹತ್ತಿರ ಜನ ಸೇರಿ ಒಂದೇ ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ಸಿಕ್ಕ ಮೀನು ಎಲ್ಲರ ಪಾಲಾಗುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಆದರೂ ಚಿಕ್ಕದಾದ ಯೆಂಡಿ ಬಲೆ ಇಂದಿಗೂ ಠಾಗೋರ್ ದಂಡೆಯಲ್ಲಿ ಬೀಳುತ್ತದೆ. ಆಟವಾಡುವ ಮಕ್ಕಳ ಪಕ್ಕದಲ್ಲಿಯೇ ಹಗ್ಗ ಜಗ್ಗುವ ಮೀನುಗಾರರು: ವಿಹಾರವೂ ದುಡಿಮೆಯೂ ಹೀಗೆ ಒಂದೇ ಮರಳನ್ನು ಹಂಚಿಕೊಳ್ಳುವ ನಗರದ ಕಡಲತೀರಗಳು ಇನ್ನು ಎಷ್ಟು ಉಳಿದಿವೆ? ಬಂದರು ವಿಸ್ತರಣೆಗಾಗಿ ಈ ದಂಡೆಯ ಬಳಿ ಅಲೆತಡೆ ಕಟ್ಟುವ ಕೆಲಸ ಶುರುವಾದಾಗ, 2020ರ ಜನವರಿಯಲ್ಲಿ ಮೀನುಗಾರರು, ಮಹಿಳೆಯರೂ ಸೇರಿ, ನೀರಿಗಿಳಿದು ವಿರೋಧಿಸಿದರು. ಊರು ಬಂದ್ ಆಚರಿಸಿತು. ವಿಷಯ ಹೈಕೋರ್ಟಿಗೂ ಹೋಯಿತು. ದಂಡೆ ಉಳಿಯಬೇಕೆಂಬ ಅವರ ಆಗ್ರಹ ನ್ಯಾಯಸಮ್ಮತವಾದದ್ದು. 2024ರ ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ ಚಾಲಕನನ್ನು ಉಳಿಸಲು ದೋಣಿಯೊಡನೆ ಧಾವಿಸಿದವರೂ ಇದೇ ಮೀನುಗಾರರು.

ಪ್ರವಾಸಕ್ಕೆ ಅಕ್ಟೋಬರಿನಿಂದ ಮಾರ್ಚ್ ಪ್ರಶಸ್ತ ಕಾಲ. ಕೊಲ್ಲಿ ಶಾಂತವೆಂದು ಅಳಿವೆಯ ಸಮೀಪ ಈಜಲು ಇಳಿಯಬಾರದು; ಅಲ್ಲಿ ನದಿಯ ಸೆಳೆತ ಬಲವಾದುದು. ಮಾಜಾಳಿಯಿಂದಾಚೆ ಎಳ್ಳಿನಂಥ ಕಪ್ಪು ಮರಳಿನ ತೀಳಮಾತಿ ದಂಡೆಗೆ ಗುಡ್ಡ ಹತ್ತಿಳಿದು ನಡೆಯಬೇಕು, ಹಿರಿಯರಿಗೆ ತುಸು ಪ್ರಯಾಸ. ದಿನ ಆರಿಸಿಕೊಳ್ಳುವ ಅವಕಾಶವಿದ್ದವರು ಜನವರಿಯಲ್ಲಿ, ಪುಷ್ಯಮಾಸದ ಹುಣ್ಣಿಮೆಯ ಹೊತ್ತಿಗೆ ಬರಬೇಕು. ಅಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ. ಬೈತಖೋಲ, ಕೋಡಿಬಾಗಗಳಿಂದ ಮೀನುಗಾರಿಕಾ ದೋಣಿಗಳೇ ಭಕ್ತರನ್ನು ದ್ವೀಪಕ್ಕೆ ಕರೆದೊಯ್ಯುತ್ತವೆ. ಗೋವೆಯಿಂದಲೂ ಜನ ಬರುತ್ತಾರೆ. ಹರಕೆಗೆ ಬಾಳೆಗೊನೆಗಳನ್ನು ಹೆಗಲ ಮೇಲೆ ಹೊತ್ತು ಗುಡ್ಡದ ಮೆಟ್ಟಿಲು ಹತ್ತುತ್ತಾರೆ. ಮೇಲಿನಿಂದ ನೋಡಿದರೆ ದೇವಗಡದ ದೀಪಸ್ತಂಭ, ಸದಾಶಿವಗಡ, ಅಳಿವೆ, ಪಟ್ಟಣದ ದಂಡೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ದೋಣಿಗಳ ಸಾಲು ಬೆಳಿಗ್ಗೆ ಬೇಗನೆ ಆರಂಭವಾಗುತ್ತದೆ; ಜಾತ್ರೆಗೆ ಹೋಗುವವರು ಹಿಂದಿನ ರಾತ್ರಿಯೇ ಕಾರವಾರದಲ್ಲಿ ತಂಗುವುದು ಅನುಕೂಲ.